ಚಳಿಗಾಲದ ಕೈತೋಟ: ಕೆಜಿಎಫ್–ಬಂಗಾರಪೇಟೆ ಸೀಮೆಯ ಬಿತ್ತನೆ, ಸಸಿಮಡಿ ಮತ್ತು ನೀರಿನ ಲೆಕ್ಕ

ಮನೆಯ ಅಡುಗೆಗೆ ಬೇಕಾದ ಸೊಪ್ಪು, ತರಕಾರಿಯನ್ನು ಮನೆಯವರೇ ಹಿತ್ತಲಲ್ಲೋ ಅಂಗಳದಲ್ಲೋ ತಾರಸಿಯ ಮೇಲೋ ಬೆಳೆದುಕೊಳ್ಳುವ ಏರ್ಪಾಟಿಗೆ ಕೈತೋಟ ಎಂದು ಹೆಸರು. ಕೋಲಾರ ಜಿಲ್ಲೆಯ ದಕ್ಷಿಣಕ್ಕಿರುವ ಬಂಗಾರಪೇಟೆ ಮತ್ತು ಕೆಜಿಎಫ್‌ನಲ್ಲಿ ಕೈತೋಟದ ವರ್ಷ ಶುರುವಾಗುವುದು ದಸರೆಯ ಗೊಂಬೆಗಳನ್ನು ಎತ್ತಿಟ್ಟ ಮೇಲೆ. ಬೇಸಿಗೆಯಲ್ಲಿ ಒಣಗಿ, ಮುಂಗಾರಿನಲ್ಲಿ ಕಳೆ ತುಂಬಿಕೊಂಡ ಹಿತ್ತಲಿಗೆ ಗುದ್ದಲಿ ಬೀಳುವುದು ಆಗ. ಅಲ್ಲಿಂದ ಶಿವರಾತ್ರಿಯವರೆಗಿನ ನಾಲ್ಕು ತಿಂಗಳಲ್ಲಿ ಕೈಗೆ ಬಂದದ್ದೇ ಬೆಳೆ.

ಹಿಮ ಬೀಳುವ ದೇಶಗಳಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಚಳಿಗಾಲವೆಂದರೆ ನೆಲ ಕಲ್ಲಾಗಿರುವ ಕಾಲ. ಕೊನೆಯ ಹಿಮ ಬೀಳುವ ದಿನವನ್ನು ಅಂದಾಜು ಮಾಡಿ, ಅಲ್ಲಿಂದ ಆರೆಂಟು ವಾರ ಹಿಂದಕ್ಕೆ ಎಣಿಸಿ, ಮನೆಯೊಳಗೆ ದೀಪದ ಬೆಳಕಿನಲ್ಲಿ ಟೊಮೆಟೊ, ಮೆಣಸಿನ ಬೀಜ ಮೊಳೆಯಿಸುತ್ತಾರೆ. ತೋಟಗಾರಿಕೆಯ ಪುಸ್ತಕಗಳು ಹೆಚ್ಚಾಗಿ ಅಲ್ಲಿಂದಲೇ ಬಂದವಾದ್ದರಿಂದ ಆ ಪಂಚಾಂಗವನ್ನೇ ಇಲ್ಲಿಗೂ ಹೊಂದಿಸಲು ಹೋಗಿ ಫೆಬ್ರುವರಿಯಲ್ಲಿ ಕೋಸು ಬಿತ್ತುವವರುಂಟು. ಅದು ಗಡ್ಡೆ ಕಟ್ಟುವ ಹೊತ್ತಿಗೆ ಏಪ್ರಿಲ್ ಬಿಸಿಲು.

ಉತ್ತರ ಅಕ್ಷಾಂಶ 13 ಡಿಗ್ರಿಗೆ ತುಸು ಕೆಳಗೆ, ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ಈ ಸೀಮೆಯಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವು, ಹಗಲು 26–27. ಎಲೆಕೋಸು, ನವಿಲುಕೋಸು, ಕ್ಯಾರೆಟ್, ಬಟಾಣಿ, ಕೊತ್ತಂಬರಿ, ಪಾಲಕ್ ಇವಕ್ಕೆಲ್ಲ ಇದಕ್ಕಿಂತ ಹಿತವಾದ ಹವೆ ವರ್ಷದಲ್ಲಿ ಮತ್ತೆ ಸಿಗುವುದಿಲ್ಲ. ಇಲ್ಲಿ ಬೆಳೆಗೆ ಗಡುವು ಹಾಕುವುದು ಬಿಸಿಲು ಮತ್ತು ಬತ್ತುವ ನೀರು. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಓಡಿಹೋಗುತ್ತದೆ ಎಂಬ ಮಾತು ಕೈತೋಟದ ಮಟ್ಟಿಗೆ ಒಳ್ಳೆಯ ಅಳತೆಗೋಲು. ಹಿಂದೆಣಿಕೆ ಅಲ್ಲಿಂದಲೇ ಆಗಬೇಕು. ಎಲೆಕೋಸು ಸಸಿಮಡಿಯಲ್ಲಿ 25–30 ದಿನ, ನಾಟಿಯಾದ ಮೇಲೆ 80–90 ದಿನ ಕೇಳುತ್ತದೆ. ಫೆಬ್ರುವರಿ ಕೊನೆಗೆ ಕೊಯ್ಯಬೇಕಾದರೆ ನವೆಂಬರ್ ಮೊದಲ ವಾರದೊಳಗೆ ಬೀಜ ಮಣ್ಣು ಸೇರಿರಬೇಕು. ನಲವತ್ತೈದು ದಿನಕ್ಕೆ ಕೀಳುವ ಮೂಲಂಗಿಯನ್ನು ಸಂಕ್ರಾಂತಿಯ ಎಳ್ಳು ಬೀರಿ ಬಂದ ಮೇಲೂ ಬಿತ್ತಬಹುದು. ಮೆಂತ್ಯಕ್ಕಂತೂ 25–30 ದಿನ ಸಾಕು.

ಬಿತ್ತನೆಯನ್ನು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದು ಇಲ್ಲಿನ ರೂಢಿ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 700ರಿಂದ 750 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬೀಳುತ್ತದೆ. ನವೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ಮೂರು ನಾಲ್ಕು ದಿನದ ಜಡಿಮಳೆ ತರುವುದುಂಟು. ಅಕ್ಟೋಬರಿನ ಚಿತ್ತೆ, ಸ್ವಾತಿ ಮಳೆಗಳ ನಡುವೆ ಬಿಡುವು ಸಿಕ್ಕಾಗ ಮಡಿ ಮಾಡಿ ಬೀಜ ಹಾಕಿದರೆ ವಿಶಾಖೆ ಮುಗಿಯುವಾಗ ಸಸಿ ನಾಟಿಗೆ ಬಂದಿರುತ್ತದೆ, ನೆಲದಲ್ಲಿ ಇನ್ನೂ ಹಸಿ ಇರುತ್ತದೆ. ತಡ ಮಾಡಿದರೆ ಬಾವಿ, ಕೊಳಾಯಿ, ಟ್ಯಾಂಕರ್ ಇವೇ ಗತಿ.

ಕೆಜಿಎಫ್‌ನ ಕೈತೋಟದ ಕಥೆ ಬೇರೆ ಊರುಗಳದ್ದಕ್ಕಿಂತ ಕೊಂಚ ವಿಚಿತ್ರ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಚಿನ್ನದ ಗಣಿಗಳ ಆಡಳಿತ ವಹಿಸಿಕೊಂಡ ನಂತರ ಬೆಳೆದ ಊರಿನಲ್ಲಿ ಎರಡು ಬಗೆಯ ಮನೆಗಳಿದ್ದವು: ವಿಶಾಲ ಕಾಂಪೌಂಡಿನ ಬಂಗಲೆಗಳು, ಮತ್ತು ಸಾಲಾಗಿ ಅಂಟಿಕೊಂಡ ಕಾರ್ಮಿಕರ ಲೈನ್ ಮನೆಗಳು. ಬಂಗಲೆಗೆ ಮಾಲಿ ಇದ್ದ, ಹುಲ್ಲುಹಾಸು ಇತ್ತು. ಲೈನ್ ಮನೆಗೆ ಬಾಗಿಲ ಮುಂದಿನ ನಾಲ್ಕು ಹೆಜ್ಜೆ ಜಾಗವೇ ಹಿತ್ತಲು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಳು ಮುಚ್ಚಿದವು. ಆ ಮೇಲೆ ಸಾವಿರಾರು ಮಂದಿ ನಸುಕಿನಲ್ಲೇ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ವಾಪಸಾಗುವುದು ಕತ್ತಲಾದ ಮೇಲೆ. ಇಲ್ಲಿನ ಕೈತೋಟದ ಯೋಜನೆಯಲ್ಲಿ ಈ ರೈಲಿನ ವೇಳಾಪಟ್ಟಿಗೂ ಪಾಲಿದೆ. ಹಗಲೆಲ್ಲ ನೋಡುವವರಿಲ್ಲದ ಮನೆಯಲ್ಲಿ ದಿನಕ್ಕೆರಡು ಸಲ ನೀರು ಕೇಳುವ ಪುಟ್ಟ ಕುಂಡಗಳಿಗಿಂತ, ತಳದಲ್ಲಿ ಹಸಿ ಹಿಡಿದಿಡುವ ದೊಡ್ಡ ಟಬ್ಬು, ಒಣಹುಲ್ಲಿನ ಹೊದಿಕೆ, ನಡುವೆ ಹೂತಿಟ್ಟ ಮಣ್ಣಿನ ಮಡಕೆ ಹೆಚ್ಚು ಕೆಲಸಕ್ಕೆ ಬರುತ್ತವೆ. ಮಡಕೆಗೆ ರಾತ್ರಿ ನೀರು ತುಂಬಿಸಿ ಬಾಯಿ ಮುಚ್ಚಿಟ್ಟರೆ ಅದು ತನ್ನ ಪಾಡಿಗೆ ಜಿನುಗುತ್ತ ಬೇರಿಗೆ ನೀರುಣಿಸುತ್ತದೆ.

ಜಾಗದ ಅಂದಾಜು ಸರಿಯಾಗದಿದ್ದರೆ ಯೋಜನೆಯೇ ಸುಳ್ಳಾಗುತ್ತದೆ. ಐವರ ಮನೆಗೆ ವರ್ಷವಿಡೀ ತರಕಾರಿ ಬರಬೇಕಾದರೆ 200–250 ಚದರ ಮೀಟರ್ ಬೇಕು ಎಂಬುದು ಕೃಷಿ ಪಠ್ಯಗಳ ಲೆಕ್ಕ. ಮೂವತ್ತು–ನಲವತ್ತರ ಇಡೀ ಸೈಟೇ 111 ಚದರ ಮೀಟರ್, ಅದರಲ್ಲಿ ಮನೆಯೂ ನಿಲ್ಲಬೇಕು. ಆದ್ದರಿಂದ ‘ಎಲ್ಲ ತರಕಾರಿ ಮನೆಯಲ್ಲೇ’ ಎನ್ನುವ ಆಸೆಯನ್ನು ಮೊದಲೇ ಬಿಟ್ಟು, ಬಾಡಿದರೆ ಬೆಲೆಯಿಲ್ಲದ್ದನ್ನು ಬೆಳೆಯುವುದು ಜಾಣತನ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ, ಪುದೀನ, ದಂಟು ಕಿತ್ತ ಗಳಿಗೆಗೂ ಅಂಗಡಿಯಿಂದ ತಂದ ಗಳಿಗೆಗೂ ರುಚಿಯಲ್ಲಿ ಅಜಗಜಾಂತರ. ಟೊಮೆಟೊ ಹಾಗಲ್ಲ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದಾದ ಕೋಲಾರ ಎಪಿಎಂಸಿಯ ಪಕ್ಕದಲ್ಲೇ ಇದ್ದುಕೊಂಡು ಹಿತ್ತಲಿನ ಅರ್ಧವನ್ನು ಅದಕ್ಕೆ ಕೊಡುವುದು ದುಂದು. 2023ರ ಜುಲೈನಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದ್ದು ನಿಜ. ಆದರೆ ಅದು ಮಳೆಗಾಲದ ಮಾತು. ನಾಲ್ಕೈದು ಗಿಡ ಇದ್ದರೆ ತಿಳಿಸಾರಿಗೆ ಸಾಕು.

ತಾರಸಿಯಲ್ಲಿ ಬೆಳೆಯುವವರಿಗೆ ಇನ್ನೊಂದು ಲೆಕ್ಕವಿದೆ. ಜನ ಓಡಾಡುವ ಆರ್‌ಸಿಸಿ ಚಾವಣಿಗೆ ಭಾರತೀಯ ಮಾನಕ ನಿಗದಿಪಡಿಸಿರುವ ಬಳಕೆಯ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಎಂದರೆ ಸುಮಾರು 150 ಕಿಲೋ. ಆರಂಗುಲ ದಪ್ಪದ ಒದ್ದೆ ಮಣ್ಣು ಒಂದು ಚದರ ಮೀಟರಿಗೆ 240 ಕಿಲೋ ಮೀರುತ್ತದೆ. ತಾರಸಿಯ ತುಂಬ ಮಣ್ಣು ಸುರಿಯುವ ಉತ್ಸಾಹಕ್ಕೆ ಇಲ್ಲೇ ಕಡಿವಾಣ ಬೀಳಬೇಕು. ತೆಂಗಿನ ನಾರಿನ ಪುಡಿ ಹೆಚ್ಚಾಗಿ ಬೆರೆಸಿದ ಗ್ರೋ ಬ್ಯಾಗುಗಳನ್ನು ಗೋಡೆ, ತೊಲೆಗಳ ನೇರಕ್ಕೆ ಬಿಡಿಬಿಡಿಯಾಗಿ ಇಡುವುದು ಸುರಕ್ಷಿತ.

ಇನ್ನು ಮಣ್ಣು. ಬಂಗಾರಪೇಟೆ ಕಡೆಯ ಕೆಂಪು ಮಣ್ಣಿನ ಕೊರತೆ ಎಲ್ಲರಿಗೂ ಗೊತ್ತಿದ್ದದ್ದೇ: ಸಾವಯವ ಅಂಶ ಕಡಿಮೆ, ಸಾರಜನಕ ಕಡಿಮೆ, ಬಿಸಿಲಿಗೆ ಗಟ್ಟಿಯಾಗುತ್ತದೆ. ಚದರ ಮೀಟರಿಗೆ ಎರಡು ಮೂರು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಹೊಂಗೆ ಅಥವಾ ಬೇವಿನ ಹಿಂಡಿ ಬೆರೆಸಿದರೆ ಹದಕ್ಕೆ ಬರುತ್ತದೆ. ಹಾಲಿಗೆ ಹೆಸರಾದ ಜಿಲ್ಲೆಯಲ್ಲಿ ಸಗಣಿಗೆ ಬರವಿಲ್ಲ. ಹಸಿ ಸಗಣಿಯನ್ನೇ ತಂದು ಸುರಿದು ಗೊಣ್ಣೆಹುಳು ಸಾಕುವುದೊಂದೇ ತಪ್ಪು.

ಕೆಜಿಎಫ್‌ನ ಮಣ್ಣಿಗೆ ಮಾತ್ರ ಬೇರೆಯೇ ಎಚ್ಚರ ಬೇಕು. ಊರಿನ ನಡುವೆ, ಅಂಚಿನಲ್ಲಿ ನಿಂತಿರುವ ಬೂದುಬಣ್ಣದ ದಿಬ್ಬಗಳನ್ನು ಜನ ಸೈನೈಡ್ ಗುಡ್ಡ ಎನ್ನುತ್ತಾರೆ. ಅದಿರನ್ನು ಪುಡಿಮಾಡಿ, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ನುಣುಪು ಮರಳಿನ ರಾಶಿಗಳು ಅವು: ಒಟ್ಟು 13, ತೂಕ 3 ಕೋಟಿ ಟನ್ನಿಗೂ ಹೆಚ್ಚು. ಗಾಳಿ ಎದ್ದಾಗ ಅದರ ಧೂಳು ಬಟ್ಟೆಗೂ ಬರುತ್ತದೆ, ಸೊಪ್ಪಿಗೂ ಬರುತ್ತದೆ. ಸೈನೈಡು ಬಿಸಿಲು ಗಾಳಿಗೆ ಕಾಲಕ್ರಮೇಣ ಒಡೆದುಹೋಗುವಂಥದು. ಆದರೆ ಕೋಲಾರದ ಅದಿರಿನಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಇರುವ ಖನಿಜವೂ ಗಂಧಕದ ಖನಿಜಗಳೂ ಇದ್ದವು, ಲೋಹಗಳು ಗಾಳಿಗೆ ಹಾರಿಹೋಗುವುದಿಲ್ಲ. ‘ನೀರು ಚೆನ್ನಾಗಿ ಬಸಿಯುತ್ತದೆ’ ಎಂದು ಈ ಮರಳನ್ನು ಕುಂಡದ ಮಣ್ಣಿಗೆ ಬೆರೆಸಕೂಡದು. ದಿಬ್ಬದ ಹತ್ತಿರದ ಮನೆಗಳಲ್ಲಿ ನೆಲವನ್ನು ನಂಬದೆ ಹೊರಗಿನ ಹೊಲದ ಮಣ್ಣು ತಂದು ಕಲ್ಲುಕಟ್ಟಿದ ಏರುಮಡಿಯಲ್ಲೋ ಟಬ್ಬಿನಲ್ಲೋ ಬೆಳೆಯುವುದು, ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯುವುದು, ಗೆಡ್ಡೆಗಳ ಸಿಪ್ಪೆ ಹೆರೆಯುವುದು ಕನಿಷ್ಠ ಜಾಗರೂಕತೆ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ನಂಥ ಪೋಷಕಾಂಶಗಳನ್ನೇ ಮುಖ್ಯವಾಗಿ ನೋಡುತ್ತಾರೆ. ಭಾರಲೋಹದ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.

ನೀರಿನ ವಿಷಯದಲ್ಲಿ ಈ ಊರಿಗೊಂದು ವ್ಯಂಗ್ಯ ಅಂಟಿಕೊಂಡಿದೆ. ಶಿವನಸಮುದ್ರದಿಂದ 1902ರಲ್ಲೇ ಗಣಿಗೆ ವಿದ್ಯುತ್ ಬಂತು, ಬೆಂಗಳೂರಿಗಿಂತ ಮೊದಲೇ. ಕುಡಿಯುವ ನೀರನ್ನು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಪಂಪು ಮಾಡಿ ತರುವ ವ್ಯವಸ್ಥೆಯೂ ಹೆಚ್ಚುಕಡಿಮೆ ಆ ಕಾಲದ್ದೇ. ಇಷ್ಟಿದ್ದೂ ನಲ್ಲಿ ನೀರು ಇಂದಿಗೂ ಎಣಿಸಿ ಬಳಸುವ ವಸ್ತು. ಚಳಿಗಾಲದಲ್ಲಿ ಒಂದು ಚದರ ಮೀಟರ್ ಪಾತಿ ದಿನಕ್ಕೆ ಸುಮಾರು 4 ಲೀಟರ್ ನೀರು ಕುಡಿಯುತ್ತದೆ, ಏಪ್ರಿಲಿನಲ್ಲಿ 6–7. ಹತ್ತು ಚದರ ಮೀಟರಿನ ತೋಟಕ್ಕೆ ಡಿಸೆಂಬರಿನಲ್ಲಿ 15 ಲೀಟರಿನ ಮೂರು ಕೊಡಕ್ಕೂ ಕಡಿಮೆ ಸಾಕು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರಲ್ಲೇ ಒಂದು ಕೊಡ ಹೊರಡುತ್ತದೆ. ಐವತ್ತು ಚದರ ಮೀಟರಿನ ಚಾವಣಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಸೋರಿಕೆ ಕಳೆದು 800 ಹಿಡಿದರೂ ಹತ್ತಿಪ್ಪತ್ತು ದಿನದ ನೀರು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾದ ಮೇಲೆ ಎಷ್ಟೋ ಕೆರೆ ತುಂಬಿವೆ. ಆ ನೀರು ಇರುವುದು ಅಂತರ್ಜಲ ಮರುಪೂರಣಕ್ಕೆ. ಹಸಿಯಾಗಿ ತಿನ್ನುವ ಕೊತ್ತಂಬರಿಗೆ ಕೆರೆಯಿಂದ ಕೊಡ ತುಂಬಿ ತಂದು ಹಾಕುವುದಕ್ಕಲ್ಲ.

ಸಸಿ ಎಬ್ಬಿಸುವ ಕೆಲಸಕ್ಕೆ ಬರೋಣ. ಬೀಜದ ಶಕ್ತಿ ನೋಡದೆ ಬಿತ್ತುವುದು ದುಡ್ಡಿಗಿಂತ ಹೆಚ್ಚಾಗಿ ದಿನ ಕಳೆದುಕೊಳ್ಳುವ ದಾರಿ. ಒದ್ದೆ ಬಟ್ಟೆಯಲ್ಲಿ ಇಪ್ಪತ್ತು ಬೀಜ ಸುತ್ತಿಟ್ಟು ವಾರದ ಮೇಲೆ ಬಿಚ್ಚಿ ಎಣಿಸಿದರೆ ಸಾಕು. ಹದಿನಾಲ್ಕಕ್ಕಿಂತ ಕಡಿಮೆ ಮೊಳೆತಿದ್ದರೆ ಒತ್ತಾಗಿ ಬಿತ್ತಬೇಕು. ಕೆಜಿಎಫ್‌ನ ತಮಿಳು ಮನೆತನಗಳಿಗೆ ಪರಿಚಯವಿರುವ ಮುಳೈಪಾರಿ, ಉತ್ತರ ಕರ್ನಾಟಕದವರು ನವರಾತ್ರಿಯಲ್ಲಿ ಹಾಕುವ ಘಟ್ಟ, ಮದುವೆಮನೆಯ ಪಾಲಿಕೆ ಎಲ್ಲದರಲ್ಲೂ ನಡೆಯುವುದು ಮೊಳಕೆಯ ಪೂಜೆ. ಬಿತ್ತನೆಬೀಜದ ಪರೀಕ್ಷೆಗೂ ಅದು ನೆರವಾಗುತ್ತಿತ್ತೆಂದು ಊಹಿಸಲು ಅಡ್ಡಿಯಿಲ್ಲ.

ನೇರವಾಗಿ ಬಿತ್ತುವ ಬೀಜಗಳೇ ಬೇರೆ, ಮಡಿಯಲ್ಲಿ ಎಬ್ಬಿಸಿ ಕಿತ್ತು ನೆಡುವವೇ ಬೇರೆ. ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ಹುರುಳಿಕಾಯಿ, ಬಟಾಣಿ, ಎಲ್ಲ ಸೊಪ್ಪುಗಳು ಇದ್ದಲ್ಲೇ ಬೆಳೆಯಬೇಕು. ಕೊತ್ತಂಬರಿ ಬೀಜವೆಂದು ನಾವು ಕರೆಯುವುದು ವಾಸ್ತವದಲ್ಲಿ ಎರಡು ಬೀಜ ಅಡಗಿರುವ ಕಾಯಿ. ನೆಲದ ಮೇಲೆ ಹರಡಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿದರೆ ‘ಚಟ್’ ಎಂದು ಎರಡಾಗುತ್ತದೆ; ಹೆಚ್ಚು ಒತ್ತಿದರೆ ಸಾರಿನ ಪುಡಿಗಷ್ಟೇ ಲಾಯಕ್ಕು. ಒಡೆದದ್ದನ್ನು ರಾತ್ರಿ ನೆನೆಸಿ, ಬೂದಿಯಲ್ಲಿ ಹೊರಳಿಸಿ ಬಿತ್ತಿದರೂ ಮೊಳೆಯಲು ಹತ್ತು ಹನ್ನೆರಡು ದಿನ. ಐದನೇ ದಿನಕ್ಕೆ ಬೇಸತ್ತು ಪಾತಿ ಕೆದಕಿದವರಿಗೆ ಕೊತ್ತಂಬರಿ ಸಿಕ್ಕುವುದಿಲ್ಲ.

ಟೊಮೆಟೊ, ಬದನೆ, ಮೆಣಸಿನಕಾಯಿ, ಕೋಸಿನ ಜಾತಿಗಳಿಗೆ ಸಸಿಮಡಿ ಬೇಕು. ಗೇಣು ಎತ್ತರದ ಏರುಮಡಿ ಮಾಡಿ, ನಾಲ್ಕು ಬೆರಳಗಲದ ಸಾಲು ಗೀರಿ, ಬೀಜದ ಎರಡರಷ್ಟು ದಪ್ಪ ಮಣ್ಣು ಮುಚ್ಚಿ, ಮೇಲೆ ಒಣಹುಲ್ಲು ಹೊದಿಸುವುದು ಹಳೆಯ ಕ್ರಮ. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಬೇಕು, ಇಲ್ಲದಿದ್ದರೆ ಸಸಿ ಬಿಳಿಚಿ ಸೊರಗುತ್ತದೆ. ಈಗ ಕೋಲಾರ ಸೀಮೆಯ ನರ್ಸರಿಗಳೆಲ್ಲ 98 ಗುಂಡಿಗಳ ಪ್ರೋಟ್ರೇಗೆ ಬಂದಿವೆ. ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಮೂರರಿಂದ ಆರು ದಿನ ಬಿಡುತ್ತಾರೆ. ಒಳಗೆ ಕಾವು ಕೂಡಿ ಎಲ್ಲ ಒಟ್ಟಿಗೆ ಮೊಳೆಯುತ್ತವೆ. ಈ ಕಾವಿನ ಬೆಲೆ ಚಳಿಗಾಲದಲ್ಲೇ ಗೊತ್ತಾಗುವುದು. ಮಣ್ಣು 25 ಡಿಗ್ರಿ ಇದ್ದರೆ ಆರು ದಿನಕ್ಕೆ ಮೊಳೆಯುವ ಟೊಮೆಟೊ, 15 ಡಿಗ್ರಿಯಲ್ಲಿ ಎರಡು ವಾರ ತೆಗೆದುಕೊಳ್ಳುತ್ತದೆ; ಎಂಟು ದಿನದ ಮೆಣಸಿನಕಾಯಿ 25 ದಿನಕ್ಕೆ ಜಾರುತ್ತದೆ. ಅಷ್ಟರಲ್ಲಿ ಅರ್ಧ ಬೀಜ ಕೊಳೆತಿರುತ್ತದೆ. ಬಚ್ಚಲ ಹಂಡೆ ಒಲೆಯ ಪಕ್ಕ, ಕೈ ಸುಡದಷ್ಟು ದೂರದಲ್ಲಿ, ಒದ್ದೆ ಬಟ್ಟೆಯ ಗಂಟಿನಲ್ಲಿ ಮೆಣಸಿನ ಬೀಜ ಇಟ್ಟು ಮೂತಿ ಒಡೆದ ಮೇಲೆ ಬಿತ್ತುವುದು ಪ್ಲಾಸ್ಟಿಕ್ ಹಾಳೆಗೆ ಸರಿಸಾಟಿಯಾದ ಉಪಾಯ.

ಮೊಳೆತ ಮೇಲಿನ ಶತ್ರು ಸಸಿ ಸಾಯುವ ರೋಗ. ಹಿಂದಿನ ಸಂಜೆ ನೆಟ್ಟಗಿದ್ದ ಸಸಿಗಳು ಬೆಳಗ್ಗೆ ನೋಡಿದರೆ ಬುಡದಲ್ಲಿ ದಾರದಂತೆ ಸಣ್ಣಗಾಗಿ ಸಾಲಾಗಿ ಮಲಗಿರುತ್ತವೆ. ಮಣ್ಣಿನ ಶಿಲೀಂಧ್ರಗಳ ಕೆಲಸ ಇದು, ಆದರೆ ಅವಕ್ಕೆ ಊಟ ಹಾಕುವುದು ಅತಿಯಾದ ನೀರು. ಸಂಜೆ ಎರೆದ ನೀರು ಚಳಿ ರಾತ್ರಿಯಲ್ಲಿ ಆರುವುದಿಲ್ಲ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹಾಕಿದರೆ ಅರ್ಧ ರೋಗ ತಪ್ಪುತ್ತದೆ. ಗೊಬ್ಬರದಲ್ಲಿ ಟ್ರೈಕೋಡರ್ಮ ಬೆರೆಸಿಟ್ಟರೆ ಇನ್ನಷ್ಟು. ಟೊಮೆಟೊ, ಕೋಸು 25–30 ದಿನಕ್ಕೆ, ಬದನೆ 30–35ಕ್ಕೆ, ಮೆಣಸಿನಕಾಯಿ 40ಕ್ಕೆ ನಾಟಿಗೆ ಸಿದ್ಧ. ಕೀಳುವ ವಾರದ ಮುಂಚೆ ನೀರು ಕಡಿಮೆ ಮಾಡಿ ಸಸಿಯನ್ನು ಬಿಸಿಲಿಗೆ ಒಗ್ಗಿಸಬೇಕು, ನೆಡುವುದು ಸಂಜೆ.

ತಳಿಗಳ ಆಯ್ಕೆಗೆ ಇಲ್ಲಿನವರು ದೂರ ಹೋಗಬೇಕಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ಮಾಲೆಯಲ್ಲಿ ಹುರುಳಿಕಾಯಿಗೆ ಅರ್ಕಾ ಕೋಮಲ್, ಪಾಲಕ್‌ಗೆ ಅರ್ಕಾ ಅನುಪಮ, ದಂಟಿಗೆ ಅರ್ಕಾ ಸುಗುಣ, ಮೂಲಂಗಿಗೆ ಅರ್ಕಾ ನಿಶಾಂತ್ ಇವೆ. ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುಟುರು, ದುಂಡಾಣು ಸೊರಗು ಮತ್ತು ಎಲೆಚುಕ್ಕೆ ಅಂಗಮಾರಿಗಳನ್ನು ತಡೆಯುತ್ತದೆ. ಅದು ಹೈಬ್ರಿಡ್ ಆದ್ದರಿಂದ ಬೀಜ ಎತ್ತಿಟ್ಟು ಪ್ರಯೋಜನವಿಲ್ಲ. ತಮಕದ ಕೃಷಿ ವಿಜ್ಞಾನ ಕೇಂದ್ರ ಕೋಲಾರದ ಮಗ್ಗುಲಲ್ಲೇ ಇದೆ, ಬೆಂಗಳೂರಿನ ಜಿಕೆವಿಕೆಯಲ್ಲಿ ನಡೆಯುವ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರಿನಲ್ಲೇ ಬರುತ್ತದೆ. ನಾಟಿ ಬೀಜ ಬೇಕೆನ್ನುವವರಿಗೆ ಸಹಜ ಸಮೃದ್ಧದಂಥ ಸಂಸ್ಥೆಗಳಿವೆ.

ಅವರೆಯ ಮಾತಿಲ್ಲದೆ ಈ ಸೀಮೆಯ ಚಳಿಗಾಲ ಮುಗಿಯುವುದಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸಾಸಿವೆ, ತೊಗರಿ, ಹುಚ್ಚೆಳ್ಳಿನ ಜೊತೆ ಬೆಳೆದುಬಂದ ನಾಟಿ ಅವರೆ ಹಗಲಿನ ಉದ್ದ ಅಳೆಯುವ ಗಿಡ. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯಷ್ಟೇ. ಅವರೆಗೆ ಅಷ್ಟು ಸಾಕು. ಜುಲೈ–ಆಗಸ್ಟಿನಲ್ಲಿ ಬಿತ್ತಿದ್ದು ಬರೀ ಬಳ್ಳಿ ಬೆಳೆಸಿಕೊಂಡಿದ್ದು, ಹಗಲು ಕುಗ್ಗಿದ ಮೇಲೆ ಹೂ ಬಿಟ್ಟು, ಧನುರ್ಮಾಸಕ್ಕೆ ಕಾಯಿ ತುಂಬುತ್ತದೆ. ನವೆಂಬರಿನಲ್ಲಿ ನೆನಪಾಗಿ ಬಿತ್ತಿದರೆ ಗೇಣುದ್ದದ ಗಿಡವೇ ಹೂ ಬಿಟ್ಟು ಬೊಗಸೆ ಕಾಯಿ ಕೊಟ್ಟು ಕೂರುತ್ತದೆ. ಈ ಕಟ್ಟು ಮೀರಲೆಂದೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ತಳಿಗಳನ್ನು ಕೊಟ್ಟಿತು. ಯಾವ ಕಾಲದಲ್ಲಿ ಬಿತ್ತಿದರೂ ಸುಮಾರು ನೂರು ದಿನದಲ್ಲಿ ಬರುತ್ತವೆ. ಸೊಗಡಿನ ವಿಚಾರಕ್ಕೆ ಬಂದರೆ ಹಳಬರು ಒಪ್ಪುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ನಾಟಿ ಕಾಯಿ ಕಿತ್ತರೆ ಬೆರಳಿಗೆ ಎಣ್ಣೆಯಂಥ ಜಿಗಟು ಹತ್ತಿ, ಸೋಪು ಹಾಕಿ ತೊಳೆದರೂ ಮಧ್ಯಾಹ್ನದವರೆಗೆ ವಾಸನೆ ಉಳಿಯುತ್ತದೆ. ಹಿದಕಿದ ಬೇಳೆ ಸಾರಿನ ಜೀವ ಆ ಎಣ್ಣೆಯಲ್ಲೇ ಇದೆ ಎನ್ನುವವರ ಜೊತೆ ವಾದ ಮಾಡಿ ಫಲವಿಲ್ಲ. ಚಳಿಗೆ ಎಳೆ ಕುಡಿಗೆ ಮುತ್ತುವ ಹೇನನ್ನು ನೀರು ಚಿಮುಕಿಸಿಯೋ ಬೇವಿನೆಣ್ಣೆ ಸಿಂಪಡಿಸಿಯೋ ಓಡಿಸಬಹುದು. ಬಂಗಾಳಕೊಲ್ಲಿಯ ಮೋಡ ಕವಿದ ವಾರದಲ್ಲಿ ಟೊಮೆಟೊಗೆ ಬರುವ ಅಂಗಮಾರಿ ಅಷ್ಟು ಸುಲಭದ್ದಲ್ಲ. ಕಪ್ಪಾದ ಗಿಡವನ್ನು ಕಿತ್ತು ಸುಡುವುದೇ ದಾರಿ.

ಸಂಕ್ರಾಂತಿ ಕಳೆದೊಡನೆ ಎರಡನೇ ಸುತ್ತು. ಬೇಸಿಗೆಗೆ ಬೇಕಾದ ಬದನೆ, ಮೆಣಸಿನಕಾಯಿಯ ಸಸಿಮಡಿ ಆಗ ಆಗಬೇಕು. ಬೆಂಡೆ, ಹೀರೆ, ಹಾಗಲ, ಸೋರೆಗಳಿಗೆ ಫೆಬ್ರುವರಿಯ ಮೊದಲ ಬಿಸಿ ತಾಗಿದ ಮೇಲೆ ಗುಳಿ ತೋಡಿದರೆ ಸಾಕು, ಅವು ತಣ್ಣನೆಯ ಮಣ್ಣಿನಲ್ಲಿ ಮುನಿಸಿಕೊಂಡು ಕೂರುತ್ತವೆ. ನೀರು ಸಾಲದೆಂದು ಅನಿಸಿದರೆ ಅರ್ಧ ಪಾತಿಗಳನ್ನು ಬಿಟ್ಟು ತರಗೆಲೆ ಹೊದಿಸಿಡುವುದು ಮೇಲು.

ಇದೇ ಹೊತ್ತಿಗೆ ಬೀಜ ಎತ್ತುವ ಕೆಲಸವೂ ಬರುತ್ತದೆ. ನಾಟಿ ಟೊಮೆಟೊದ ಚೆನ್ನಾಗಿ ಮಾಗಿದ ಹಣ್ಣಿನ ಲೋಳೆಯನ್ನು ಲೋಟಕ್ಕೆ ಹಿಂಡಿ ಎರಡು ದಿನ ಹುಳಿಯಲು ಬಿಟ್ಟರೆ ಬೀಜ ತಳಕ್ಕಿಳಿಯುತ್ತದೆ, ನೊರೆ ಮೇಲುಳಿಯುತ್ತದೆ. ತೊಳೆದು ತಟ್ಟೆಯಲ್ಲಿ ನೆರಳಿಗೆ ಒಣಗಿಸಬೇಕು, ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬರುವುದಿಲ್ಲ. ಹಿಂದೆ ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು, ಸೌತೆಬೀಜವನ್ನು ಸಗಣಿಯೊಂದಿಗೆ ಗೋಡೆಗೆ ತಟ್ಟುತ್ತಿದ್ದರು. ಈಗ ಗಾಜಿನ ಸೀಸೆ, ಫ್ರಿಜ್ಜಿನ ಮೂಲೆ. ಟೊಮೆಟೊ, ಬದನೆ ಬೀಜ ನಾಲ್ಕು ವರ್ಷ ತಾಳುತ್ತದೆ, ಮೆಣಸಿನಕಾಯಿ ಎರಡು, ಈರುಳ್ಳಿ ಒಂದೇ. ಸೀಸೆಯ ಮೇಲೆ ಹೆಸರಿನ ಜೊತೆ ತಿಂಗಳು, ವರ್ಷ ಬರೆದಂಟಿಸದಿದ್ದರೆ ಮುಂದಿನ ದಸರೆಗೆ ಕೋಸಿನ ಬೀಜ ಯಾವುದು, ಸಾಸಿವೆ ಯಾವುದು ಎಂದು ಬೆಳಕಿಗೆ ಹಿಡಿದು ನೋಡುತ್ತ ನಿಲ್ಲಬೇಕಾಗುತ್ತದೆ. ಎರಡೂ ಒಂದೇ ಕುಲದವು, ನೋಟದಲ್ಲಿ ಬೇರ್ಪಡಿಸುವುದು ಕಷ್ಟ.